ಬೆಳಗ್ಗೆ ಕಾಲಿಗೆ, ರಾತ್ರಿ ಕಿವಿಗೆ: ಮನೆಯ ಸೊಳ್ಳೆಗೆ ಏನು ಮಾಡೋದು?

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಬಾಡಿಗೆ ಮನೆ, ಕೆಳಗಿನ ಅಂತಸ್ತು. ಎಂಟು ತಿಂಗಳ ಕೂಸಿದೆ. ಅತ್ತೆಗೆ ಅಸ್ತಮಾ, ಕಾಯಿಲ್ ಹಚ್ಚಿದರೆ ಕೆಮ್ಮು ಶುರು. ಪ್ಲಗ್ಗಿಗೆ ಹಾಕುವ ಲಿಕ್ವಿಡ್ ಕೂಸಿನ ಪಕ್ಕ ಹಾಕಲು ಭಯ. ನಿಂಬೆಹಣ್ಣಿಗೆ ಲವಂಗ ಚುಚ್ಚಿಟ್ಟೆವು, ಮೂಲೆಯಲ್ಲಿ ಕರ್ಪೂರ ಇಟ್ಟೆವು, ಕಿಟಕಿಯಲ್ಲಿ ತುಳಸಿ, ಚೆಂಡುಹೂ, ಮಜ್ಜಿಗೆ ಹುಲ್ಲಿನ ಕುಂಡ ಇಟ್ಟೆವು. ಏನೂ ಉಪಯೋಗ ಆಗಿಲ್ಲ. ಬೆಳಗ್ಗೆ ಕಾಲಿಗೆ ಕಚ್ಚುತ್ತವೆ, ರಾತ್ರಿ ಕಿವಿ ಹತ್ತಿರ ಗುಂಯ್ ಅನ್ನುತ್ತವೆ. ನಲ್ಲಿ ನೀರು ಐದಾರು ದಿನಕ್ಕೊಮ್ಮೆ ಬರುವುದರಿಂದ ಡ್ರಮ್ಮುಗಳಲ್ಲಿ ತುಂಬಿಡುತ್ತೇವೆ. ಅದಕ್ಕೆ ಮೀನು ಬಿಡಿ ಎಂದು ಪಕ್ಕದವರು ಹೇಳುತ್ತಾರೆ. ಕೂಸಿಗೂ ಅತ್ತೆಗೂ ತೊಂದರೆ ಆಗದ ನೈಸರ್ಗಿಕ ದಾರಿ ಯಾವುದಾದರೂ ಇದೆಯೇ?

ಉತ್ತರ: ಇದೆ. ಆದರೆ ಅದು ಕುಂಡದಲ್ಲೂ ಇಲ್ಲ, ನಿಂಬೆಹಣ್ಣಿನಲ್ಲೂ ಇಲ್ಲ. ನಿಮ್ಮ ಪತ್ರದ ಕೊನೆಯಲ್ಲಿ ನೀವೇ ಬರೆದಿರುವ ಎರಡು ಮಾತಿನಲ್ಲಿದೆ. ಒಂದು, ಬೆಳಗ್ಗೆ ಕಾಲಿಗೆ, ರಾತ್ರಿ ಕಿವಿಗೆ ಎಂದದ್ದು. ಇನ್ನೊಂದು, ಡ್ರಮ್ಮುಗಳಲ್ಲಿ ನೀರು ತುಂಬಿಡುತ್ತೇವೆ ಎಂದದ್ದು.

ನಿಮ್ಮ ಮನೆಯಲ್ಲಿ ಎರಡು ಜಾತಿಯ ಸೊಳ್ಳೆಗಳಿವೆ. ಬೆಳಗ್ಗೆ ಮತ್ತು ಸಂಜೆ ಬೆಳಕಿರುವಾಗಲೇ ಸದ್ದಿಲ್ಲದೆ ಬಂದು ಪಾದ, ಹಿಮ್ಮಡಿ ಹತ್ತಿರ ಕಚ್ಚುವುದು ಹೆಚ್ಚಾಗಿ ಈಡಿಸ್. ಕಪ್ಪು ಮೈಮೇಲೆ ಬಿಳಿ ಪಟ್ಟೆ ಇರುತ್ತದೆ, ಸ್ವಲ್ಪ ಗಮನಿಸಿ ನೋಡಿದರೆ ಕಾಣುತ್ತದೆ. ಡೆಂಗಿ, ಚಿಕೂನ್‌ಗುನ್ಯ ಹರಡುವುದು ಇದೇ. ರಾತ್ರಿ ಕಿವಿಯ ಹತ್ತಿರ ಗುಂಯ್‌ಗುಡುವುದು ಬಹುತೇಕ ಕ್ಯೂಲೆಕ್ಸ್. ಕಂದು ಬಣ್ಣ, ನೋಡಲು ಸಾಧಾರಣ. ಎರಡರಲ್ಲೂ ಕಚ್ಚುವುದು ಹೆಣ್ಣು ಮಾತ್ರ, ಮೊಟ್ಟೆ ಬೆಳೆಯಲು ಅದಕ್ಕೆ ರಕ್ತ ಬೇಕು. ಗಂಡು ಹೂವಿನ ಮಕರಂದ ಹೀರಿಕೊಂಡು ಬದುಕುತ್ತದೆ.

ಎರಡೂ ಹುಟ್ಟುವ ಜಾಗ ಬೇರೆ ಬೇರೆ. ಕ್ಯೂಲೆಕ್ಸಿಗೆ ಕೊಳಚೆ ನೀರು ಬೇಕು: ಗಟಾರ, ಸೆಪ್ಟಿಕ್ ಟ್ಯಾಂಕು, ಮುಚ್ಚಳ ಸರಿಯಿಲ್ಲದ ಚೇಂಬರ್. ಈಡಿಸ್‌ಗೆ ಮನೆಯವರು ಶೇಖರಿಸಿಟ್ಟ ತಿಳಿ ನೀರು ಬೇಕು. ಗಟಾರ ಕ್ಲೀನ್ ಮಾಡಿಸಿದರೂ ಡೆಂಗಿ ನಿಲ್ಲಲಿಲ್ಲ ಎಂದು ಜನ ಗೊಣಗುವುದು ಇದಕ್ಕೇ. ಡೆಂಗಿ ಸೊಳ್ಳೆ ಗಟಾರದಿಂದ ಬಂದದ್ದೇ ಅಲ್ಲ. ಅದು ಹೆಚ್ಚು ದೂರ ಹಾರುವುದೂ ಇಲ್ಲ, ಸಾಮಾನ್ಯವಾಗಿ ಹುಟ್ಟಿದ ಜಾಗದಿಂದ ನೂರಿನ್ನೂರು ಮೀಟರ್ ಒಳಗೇ ಓಡಾಡಿಕೊಂಡಿರುತ್ತದೆ. ಅಂದರೆ ನಿಮ್ಮ ಕೂಸಿನ ಕಾಲಿಗೆ ಕಚ್ಚಿದ್ದು ನಿಮ್ಮ ಮನೆಯಲ್ಲೋ ಅಕ್ಕಪಕ್ಕದಲ್ಲೋ ಹುಟ್ಟಿದ್ದು.

ಹಾಗಾಗಿ ಮೊದಲು ಡ್ರಮ್ಮಿನ ವಿಷಯ. ಐದಾರು ದಿನಕ್ಕೊಮ್ಮೆ ನೀರು ಬರುವ ಊರಿನಲ್ಲಿ ನೀರು ತುಂಬಿಡಬೇಡಿ ಎಂದು ಹೇಳುವವರಿಗೆ ನಲ್ಲಿಯ ಕಷ್ಟ ಗೊತ್ತಿಲ್ಲ ಎಂದೇ ಅರ್ಥ. ತುಂಬಿಡಿ. ಆದರೆ ಒಂದು ವಿಷಯ ತಿಳಿದಿರಲಿ: ಈಡಿಸ್ ಮೊಟ್ಟೆ ಇಡುವುದು ನೀರಿನ ಮೇಲಲ್ಲ, ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಪಾತ್ರೆಯ ಒಳಗೋಡೆಗೆ ಅಂಟಿಸಿ. ಕಪ್ಪಗೆ, ಸಣ್ಣಗೆ, ಮಸಿ ಹತ್ತಿದ ಹಾಗೆ ಕಾಣುತ್ತವೆ. ಡ್ರಮ್ಮು ಒಣಗಿದರೂ ಆ ಮೊಟ್ಟೆಗಳು ತಿಂಗಳುಗಟ್ಟಲೆ ಬದುಕಿರುತ್ತವೆ. ಮತ್ತೆ ನೀರು ತುಂಬಿ ಆ ಮಟ್ಟಕ್ಕೆ ಬಂದ ಕೂಡಲೇ ಒಡೆದು ಮರಿಯಾಗುತ್ತವೆ. ಮರಿ ಬೆಳೆದು ಹಾರುವ ಸೊಳ್ಳೆಯಾಗಲು ನಮ್ಮ ಹವೆಗೆ ಒಂದು ವಾರದಿಂದ ಹತ್ತು ದಿನ ಸಾಕು.

ಈಗ ನಿಮ್ಮ ಮನೆಯ ಲೆಕ್ಕ ನೋಡಿ. ನೀರು ಬಂದ ದಿನ ಅರ್ಧ ಖಾಲಿಯಾದ ಡ್ರಮ್ಮಿನ ಮೇಲೆಯೇ ಹೊಸ ನೀರು ಬಿಡುತ್ತೀರಿ, ಅಲ್ವಾ? ಎಲ್ಲರೂ ಹಾಗೇ ಮಾಡುವುದು. ತಳದ ನೀರು ಎಂದೂ ಪೂರ್ತಿ ಖಾಲಿಯಾಗುವುದಿಲ್ಲ, ಗೋಡೆಯ ಮೊಟ್ಟೆ ಎಂದೂ ಹೋಗುವುದಿಲ್ಲ. ಇದನ್ನು ಹೀಗೆ ಬದಲಾಯಿಸಿ. ಒಂದು ಡ್ರಮ್ಮನ್ನು ಪೂರ್ತಿ ಬಳಸಿ ಮುಗಿಸಿದ ಮೇಲೆಯೇ ಇನ್ನೊಂದನ್ನು ಮುಟ್ಟಿ. ಖಾಲಿಯಾದದ್ದರ ಒಳಮೈಯನ್ನು, ಅದರಲ್ಲೂ ಮೇಲಿನ ಅರ್ಧವನ್ನು, ಗಟ್ಟಿ ಬ್ರಷ್ಷಿನಿಂದಲೋ ತೆಂಗಿನ ನಾರಿನಿಂದಲೋ ಚೆನ್ನಾಗಿ ತಿಕ್ಕಿ. ತೊಳೆದ ನೀರನ್ನು ಗಟಾರಕ್ಕೆ ಬಿಡದೆ ಬಿಸಿಲು ಬೀಳುವ ಒಣ ನೆಲಕ್ಕೆ ಚೆಲ್ಲಿ, ಮರಿಗಳು ಅಲ್ಲೇ ಸಾಯುತ್ತವೆ. ಡ್ರಮ್ಮು ಬೋರಲು ಹಾಕಿ ಒಣಗಿಸಿ, ಆಮೇಲೆ ನೀರು ತುಂಬಿ. ಸುಮ್ನೆ ನೀರು ಚೆಲ್ಲಿ ಮತ್ತೆ ತುಂಬಿದರೆ ಏನೂ ಆಗುವುದಿಲ್ಲ. ತಿಕ್ಕುವುದೇ ಮುಖ್ಯ.

ಮುಚ್ಚಳದ ಬಗ್ಗೆಯೂ ಒಂದು ಮಾತು. ಪ್ಲಾಸ್ಟಿಕ್ ಡ್ರಮ್ಮಿನ ಮುಚ್ಚಳ ಸಾಮಾನ್ಯವಾಗಿ ಒಂದು ಕಡೆ ಮುರಿದಿರುತ್ತದೆ, ಇಲ್ಲವೇ ಪೈಪ್ ಹಾಕಲು ಅರ್ಧ ತೆರೆದಿರುತ್ತದೆ. ಸೊಳ್ಳೆಗೆ ಅಷ್ಟು ಸಂದು ಸಾಕು. ಹಳೆಯ ಪಂಚೆಯನ್ನೋ ದಟ್ಟ ನೇಯ್ಗೆಯ ಹತ್ತಿ ಸೀರೆಯನ್ನೋ ಎರಡು ಮಡಿಕೆ ಮಾಡಿ ಬಾಯಿಗೆ ಬಿಗಿಯಾಗಿ ಕಟ್ಟಿ, ಮೇಲೆ ಮುಚ್ಚಳ ಇಡಿ. ಬಟ್ಟೆ ಜೋತು ನೀರಿಗೆ ತಾಕಬಾರದು. ತಾಕಿದರೆ ಆ ಒದ್ದೆ ಬಟ್ಟೆಯ ಮೇಲೆಯೇ ಮೊಟ್ಟೆ ಇಡುತ್ತದೆ.

ಇದು ಹೊಸ ತಿಳಿವಳಿಕೆ ಏನಲ್ಲ. ಸೊಳ್ಳೆಯಿಂದ ಮಲೇರಿಯಾ ಹರಡುತ್ತದೆ ಎಂದು 1897ರಲ್ಲಿ ಸಿಕಂದರಾಬಾದಿನಲ್ಲಿ ಕಂಡುಕೊಂಡ ರೊನಾಲ್ಡ್ ರಾಸ್ ಅದಕ್ಕೂ ಮುಂಚೆ, 1883ರಲ್ಲಿ, ಬೆಂಗಳೂರಿನ ದಂಡಿನಲ್ಲಿ ವೈದ್ಯರಾಗಿದ್ದರು. ತಮ್ಮ ಬಂಗಲೆಯಲ್ಲಿ ಸೊಳ್ಳೆ ಕಾಟ ಯಾಕೆ ಜಾಸ್ತಿ ಎಂದು ಹುಡುಕಿದಾಗ ಕಿಟಕಿಯ ಹೊರಗಿನ ನೀರಿನ ತೊಟ್ಟಿಯಲ್ಲಿ ಮರಿಗಳು ಕಂಡವು. ತೊಟ್ಟಿ ಮಗುಚಿದರು, ಕಾಟ ಇಳಿಯಿತು. ಸೊಳ್ಳೆಗೂ ಜ್ವರಕ್ಕೂ ಇರುವ ನಂಟು ಆಗ ಅವರಿಗೂ ಗೊತ್ತಿರಲಿಲ್ಲ.

ಡ್ರಮ್ಮು ಬಿಟ್ಟರೆ ಮನೆಯಲ್ಲಿ ಇನ್ನೂ ಕೆಲವು ಜಾಗಗಳಿವೆ. ಫ್ರಿಜ್ಜಿನ ಹಿಂದೆ ಕೆಳಗೆ ನೀರು ಬೀಳುವ ಒಂದು ಟ್ರೇ ಇರುತ್ತದೆ. ಅದನ್ನು ವರ್ಷಗಟ್ಟಲೆ ಯಾರೂ ಎಳೆದು ನೋಡುವುದಿಲ್ಲ. ಬೇಸಿಗೆ ಮುಗಿದ ಮೇಲೆ ಮೂಲೆಗೆ ತಳ್ಳಿದ ಕೂಲರ್, ಬಾಟಲಿಯಲ್ಲಿಟ್ಟ ಮನಿಪ್ಲಾಂಟ್, ಬಳಸದ ಶೌಚಾಲಯದ ಕಮೋಡು, ಟೆರೇಸಿನ ಮೇಲಿನ ಒಡೆದ ಬಕೆಟ್ಟು, ಹಿತ್ತಲಿನ ಹಳೆಯ ಒರಳುಕಲ್ಲು, ಕಾಗೆ ಗುಬ್ಬಿಗೆ ಇಟ್ಟ ನೀರಿನ ಬಟ್ಟಲು. ಮತ್ತೆ, ಕ್ಷಮಿಸಿ, ಸೊಳ್ಳೆ ಓಡಿಸಲೆಂದು ನೀವು ಇಟ್ಟ ತುಳಸಿ, ಮಜ್ಜಿಗೆ ಹುಲ್ಲಿನ ಕುಂಡದ ಕೆಳಗಿನ ತಟ್ಟೆ. ಕುಂಡ ಇರಲಿ, ತಟ್ಟೆಗೆ ಮರಳು ತುಂಬಿಬಿಡಿ. ವಾರದಲ್ಲಿ ಒಂದು ದಿನ ಗೊತ್ತು ಮಾಡಿಕೊಂಡು ಇವನ್ನೆಲ್ಲ ಖಾಲಿ ಮಾಡಿದರೆ ಮರಿಗೆ ರೆಕ್ಕೆ ಬರುವಷ್ಟು ಸಮಯ ಸಿಗುವುದಿಲ್ಲ. ಕರಾವಳಿ, ಮಲೆನಾಡಿನ ಓದುಗರಿಗೆ ಈ ಪಟ್ಟಿ ಬೇರೆ: ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ರಬ್ಬರ್ ಮರಕ್ಕೆ ಕಟ್ಟಿದ ಚಿಪ್ಪು, ಇಲಿ ಕೊರೆದ ಎಳನೀರು, ಮಳೆಗಾಲದಲ್ಲಿ ಹೊದಿಸಿದ ಟಾರ್ಪಾಲಿನ ಗುಳಿ.

ಓಣಿಯಲ್ಲಿ ನಿಮ್ಮೊಬ್ಬರ ಮನೆ ಮಾತ್ರ ಸರಿಯಿದ್ದರೆ ಅರ್ಧ ಕೆಲಸವೇ ಆಗುವುದು. ಪಕ್ಕದ ಖಾಲಿ ಸೈಟಿನ ಟೈರು, ಕಟ್ಟುತ್ತಿರುವ ಮನೆಯ ಕ್ಯೂರಿಂಗ್ ನೀರಿನ ಗುಂಡಿ ನಿಮ್ಮ ಕೈಯಲ್ಲಿಲ್ಲ. ಆದರೆ 2024ರಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಎಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡವನ್ನೂ ಗೊತ್ತುಮಾಡಿದೆ. ನಗರದ ಮನೆಗೆ 400 ರೂಪಾಯಿ, ಕಟ್ಟಡ ಕಾಮಗಾರಿಗೆ ಅದಕ್ಕಿಂತ ಜಾಸ್ತಿ. ದಂಡ ಬೀಳುತ್ತದೋ ಇಲ್ಲವೋ, ಪಾಲಿಕೆಗೆ ದೂರು ಕೊಡಲು ಆಧಾರವಂತೂ ಆಯಿತು. ಆಶಾ ಕಾರ್ಯಕರ್ತೆಯರು ಲಾರ್ವಾ ನೋಡಲು ಬಂದಾಗ ಗೇಟಿನಲ್ಲೇ ನಿಲ್ಲಿಸಿ ಕಳಿಸಬೇಡಿ. ಒಳಗೆ ಕರೆದು ಡ್ರಮ್ಮು ತೋರಿಸಿ. ಮರಿ ಯಾವುದು, ಸುಮ್ನೆ ಹುಳ ಯಾವುದು ಎಂದು ಅವರ ಕಣ್ಣಿಗೆ ಬೇಗ ಗೊತ್ತಾಗುತ್ತದೆ.

ರಾತ್ರಿಯ ಕ್ಯೂಲೆಕ್ಸಿಗೆ ದಾರಿ ಬೇರೆ. ಸೆಪ್ಟಿಕ್ ಟ್ಯಾಂಕಿನಿಂದ ಮೇಲೆ ಹೋಗುವ ಗಾಳಿ ಪೈಪಿನ ತುದಿಗೆ ಸೊಳ್ಳೆ ಮೆಶ್ ಸುತ್ತಿ ತಂತಿ ಬಿಗಿಯಿರಿ. ಕೆಲವೇ ರೂಪಾಯಿಯ ಕೆಲಸ, ಮಾಡಿಸಿರುವ ಮನೆಗಳು ಮಾತ್ರ ಬಹಳ ಕಡಿಮೆ. ಚೇಂಬರ್ ಮುಚ್ಚಳದ ಸಂದಿಗೆ ಸಿಮೆಂಟ್ ಮೆತ್ತಿಸಿ. ಬಾಡಿಗೆ ಮನೆಯಾದ್ದರಿಂದ ಮಾಲೀಕರಿಗೆ ಹೇಳಿ ಮಾಡಿಸಬೇಕಾದೀತು. ಹೊತ್ತು ಮುಳುಗುವ ಸಮಯಕ್ಕೆ ಈ ಸೊಳ್ಳೆಗಳು ಹಿಂಡಾಗಿ ಒಳಗೆ ನುಗ್ಗುತ್ತವೆ. ಆ ಒಂದು, ಒಂದೂವರೆ ಗಂಟೆ ಮೆಶ್ ಇಲ್ಲದ ಕಿಟಕಿ ಬಾಗಿಲು ಮುಚ್ಚಿಡಿ. ದೀಪ ಹಚ್ಚುವಾಗ ಲಕ್ಷ್ಮಿ ಬರಲಿ ಎಂದು ಮುಂಬಾಗಿಲು ತೆರೆದಿಡುವ ರೂಢಿ ನಿಮ್ಮಲ್ಲೂ ಇರಬಹುದು. ಬಾಗಿಲಿಗೊಂದು ಮೆಶ್ ಕದ ಹಾಕಿಸಿದರೆ ಅತ್ತೆಯವರ ಜತೆ ಆ ವಾದವೂ ಇರುವುದಿಲ್ಲ. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನಿನ ರಂಧ್ರ ಮರೆಯಬೇಡಿ.

ಇನ್ನು ನೀವು ಮಾಡಿ ನೋಡಿದ ಉಪಾಯಗಳು. ತುಳಸಿ, ಚೆಂಡುಹೂ, ಮಜ್ಜಿಗೆ ಹುಲ್ಲಿನಲ್ಲಿ ಸೊಳ್ಳೆಗೆ ಆಗದ ಎಣ್ಣೆ ಇರುವುದು ನಿಜ. ಆದರೆ ಅದು ಎಲೆಯೊಳಗೆ ಇರುತ್ತದೆ. ಹಿಸುಕಿದರೆ ಅಥವಾ ಭಟ್ಟಿ ಇಳಿಸಿದರೆ ಮಾತ್ರ ಹೊರಗೆ ಬರುತ್ತದೆ. ಸುಮ್ಮನೆ ನಿಂತ ಗಿಡ ಒಂದು ಕೋಣೆಯನ್ನು ಕಾಯುವಷ್ಟು ಎಣ್ಣೆಯನ್ನು ಗಾಳಿಗೆ ಬಿಡುವುದಿಲ್ಲ. ಲವಂಗ ಚುಚ್ಚಿದ ನಿಂಬೆಹಣ್ಣಿನ ಕತೆಯೂ ಇದೇ. ಬೆಳ್ಳುಳ್ಳಿ ತಿಂದರೆ ಕಚ್ಚುವುದಿಲ್ಲ, ರಕ್ತ ಸಿಹಿ ಇದ್ದವರಿಗೇ ಕಚ್ಚುತ್ತದೆ ಎನ್ನುವುದೆಲ್ಲ ಬರೀ ಮಾತು. ಸೊಳ್ಳೆ ನಮ್ಮನ್ನು ಹುಡುಕುವುದು ಉಸಿರಿನ ಇಂಗಾಲದ ಡೈಆಕ್ಸೈಡ್, ಬೆವರಿನ ವಾಸನೆ ಮತ್ತು ಮೈ ಶಾಖದಿಂದ. ಬಣ್ಣವನ್ನೂ ನೋಡುತ್ತದೆ. 2022ರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಪ್ರಕಟಿಸಿದ ಪ್ರಯೋಗದಲ್ಲಿ, ಉಸಿರಿನ ಅನಿಲ ಮೂಗಿಗೆ ಬಡಿದ ಮೇಲೆ ಈಡಿಸ್ ಕೆಂಪು, ಕಿತ್ತಳೆ, ಕಪ್ಪು ಬಣ್ಣಗಳ ಕಡೆ ಹಾರಿತು. ಬಿಳಿ, ಹಸಿರು, ನೀಲಿಯನ್ನು ಲೆಕ್ಕಿಸಲಿಲ್ಲ. ಕೂಸಿಗೆ ತೆಳು ಬಣ್ಣದ, ಕೈಕಾಲು ಮುಚ್ಚುವ ಹತ್ತಿ ಬಟ್ಟೆ ಹಾಕಲು ಇದೊಂದು ಕಾರಣ ಸಾಕು.

ಮೈಗೆ ಹಚ್ಚುವ ಎಣ್ಣೆಗಳಲ್ಲಿ ಬೇವಿನೆಣ್ಣೆಗೆ ಸ್ವಲ್ಪ ಮರ್ಯಾದೆ ಕೊಡಬಹುದು. ಕೊಬ್ಬರಿ ಎಣ್ಣೆಯಲ್ಲಿ ನೂರಕ್ಕೆ 2 ಪಾಲು ಬೇವಿನೆಣ್ಣೆ ಬೆರೆಸಿ ಹಚ್ಚಿದ ಪ್ರಯೋಗವೊಂದನ್ನು ದೆಹಲಿಯ ಮಲೇರಿಯಾ ಸಂಶೋಧನಾ ಕೇಂದ್ರದವರು 1993ರಲ್ಲಿ ಪ್ರಕಟಿಸಿದ್ದರು. ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆಗಳ ಮೇಲೆ ಅದು ಚೆನ್ನಾಗಿಯೇ ಕೆಲಸ ಮಾಡಿತ್ತು. ಬೆಳಗಿನ ಈಡಿಸ್‌ಗೆ ಇದನ್ನೇ ನಂಬಿ ಕೂರಬೇಡಿ. ದೊಡ್ಡವರು ಹಚ್ಚಿಕೊಳ್ಳುವುದಾದರೆ 100 ಮಿಲಿಲೀಟರ್ ಕೊಬ್ಬರಿ ಎಣ್ಣೆಗೆ 2 ಮಿಲಿಲೀಟರ್, ಅಂದರೆ ಅರ್ಧ ಟೀ ಚಮಚಕ್ಕೂ ಕಡಿಮೆ. ಮೊದಲು ಮೊಣಕೈ ಒಳಬದಿಗೆ ಹಚ್ಚಿ ಒಂದು ದಿನ ನೋಡಿ. ಕೂಸಿಗೆ ಬೇಡ. ಕೈ ಬಾಯಿಗೆ ಹಾಕುವ ವಯಸ್ಸು, ಬೇವಿನೆಣ್ಣೆ ಹೊಟ್ಟೆಗೆ ಹೋದರೆ ಸಣ್ಣ ಮಕ್ಕಳಿಗೆ ವಿಷವಾಗುತ್ತದೆ. ಕರ್ಪೂರ, ನೀಲಗಿರಿ ಎಣ್ಣೆಗೂ ಇದೇ ಮಾತು. ಕರ್ಪೂರದ ಒಂದು ತುಂಡು ನುಂಗಿದರೂ ಕೂಸಿಗೆ ಫಿಟ್ಸ್ ಬರಬಹುದು. ಹಾಗಾಗಿ ಮೂಲೆಯಲ್ಲಿಟ್ಟ ಕರ್ಪೂರವನ್ನು ಇವತ್ತೇ ತೆಗೆಯಿರಿ. ಎಂಟು ತಿಂಗಳೆಂದರೆ ಇನ್ನೇನು ಅಂಬೆಗಾಲಿಡುವ ಹೊತ್ತು.

ಸಿಟ್ರೊನೆಲ್ಲಾ ಎಣ್ಣೆ ತುಂಬ ಬೇಗ ಹಾರಿಹೋಗುತ್ತದೆ. 2002ರಲ್ಲಿ ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಹೋಲಿಕೆಯಲ್ಲಿ, ಡೀಟ್ ಎಂಬ ರಾಸಾಯನಿಕ ಸುಮಾರು 24 ಪ್ರತಿಶತ ಇದ್ದ ಲೇಪನ ಐದು ಗಂಟೆ ಕಾಪಾಡಿತು. ಸಿಟ್ರೊನೆಲ್ಲಾ ಇದ್ದವು 20 ನಿಮಿಷವೂ ತಡೆಯಲಿಲ್ಲ. ಕೈಗೆ ಕಟ್ಟುವ ಬ್ಯಾಂಡುಗಳಿಂದ ರಕ್ಷಣೆ ಇರಲೇ ಇಲ್ಲ ಎನ್ನಬಹುದು. ಆ ಬಣ್ಣಬಣ್ಣದ ಬ್ಯಾಂಡು ಈಗಲೂ ಮಕ್ಕಳ ಅಂಗಡಿಯಲ್ಲಿ ಮಾರುತ್ತಾರೆ! ಸಸ್ಯಮೂಲದ್ದರಲ್ಲಿ ನಿಜವಾಗಿ ಗಂಟೆಗಟ್ಟಲೆ ನಿಲ್ಲುವುದು ನಿಂಬೆ ವಾಸನೆಯ ನೀಲಗಿರಿ ಜಾತಿಯಿಂದ ಬರುವ ಪಿಎಂಡಿ ಎಂಬ ಅಂಶ. ನಾವು ನೆಗಡಿಗೆ ಬಳಸುವ ನೀಲಗಿರಿ ಎಣ್ಣೆ ಇದಲ್ಲ. ಮೂರು ವರ್ಷದೊಳಗಿನ ಮಕ್ಕಳಿಗೆ ಅದೂ ಕೂಡದು.

ಹೊಗೆಯ ವಿಷಯಕ್ಕೆ ಬರೋಣ. ಬೇವಿನ ಎಲೆ, ಲಕ್ಕಿ ಸೊಪ್ಪು, ಬೆರಣಿ, ಸಾಂಬ್ರಾಣಿ ಹೊಗೆ ಹಾಕಿದರೆ ಸೊಳ್ಳೆ ದೂರ ಹೋಗುವುದು ಹೌದು. ಅತ್ತೆಯವರಿಗೆ ಆಗದಿರುವುದೂ ಅಷ್ಟೇ ನಿಜ. 2003ರ ಒಂದು ಅಧ್ಯಯನದ ಪ್ರಕಾರ ಒಂದು ಸೊಳ್ಳೆ ಕಾಯಿಲ್ ಉರಿದು ಮುಗಿಯುವಾಗ ಬಿಡುವ ಸೂಕ್ಷ್ಮ ಕಣ 75ರಿಂದ 137 ಸಿಗರೇಟು ಸುಟ್ಟಷ್ಟು. ಸೊಪ್ಪಿನ ಹೊಗೆ ಮನೆಯದು, ದೇವರ ಕೋಣೆಯದು ಎಂದ ಮಾತ್ರಕ್ಕೆ ಶ್ವಾಸಕೋಶ ರಿಯಾಯಿತಿ ಕೊಡುವುದಿಲ್ಲ. ದನದ ಕೊಟ್ಟಿಗೆಯಲ್ಲಿ, ಹಿತ್ತಲಲ್ಲಿ ಹೊರಗೆ ಕೂರುವಾಗ ಹಾಕಿಕೊಳ್ಳಿ. ಕೂಸು, ಅಸ್ತಮಾದವರು ಇರುವ ಮುಚ್ಚಿದ ಕೋಣೆಯಲ್ಲಿ ಖಂಡಿತ ಬೇಡ.

‘ಹರ್ಬಲ್’ ಎಂದು ಬರೆದ ಸೊಳ್ಳೆ ಅಗರಬತ್ತಿಗಳ ಬಗ್ಗೆ ನನಗೆ ಹೆಚ್ಚು ಅನುಮಾನ. ಸೊಳ್ಳೆ ಥಟ್ಟನೆ ಉದುರಿ ಬಿದ್ದರೆ ಅದು ಬರೀ ಸೊಪ್ಪಿನ ಕೆಲಸವಲ್ಲ. ಒಳಗೆ ಕೀಟನಾಶಕ ಇದೆ ಎಂದೇ ತಿಳಿಯಿರಿ. ಪೊಟ್ಟಣದ ಮೇಲೆ ಕೀಟನಾಶಕದ ಹೆಸರು, ಪ್ರಮಾಣ, ನೋಂದಣಿ ಸಂಖ್ಯೆ ಇಲ್ಲದಿದ್ದರೆ ಕೊಳ್ಳಬೇಡಿ. ನೈಸರ್ಗಿಕ ಎಂಬುದೇ ಒಂದು ಭರವಸೆಯಾಗಬಾರದು. ಸೊಳ್ಳೆ ಕಾಯಿಲ್ ಸಹ 1890ರ ದಶಕದಲ್ಲಿ ಜಪಾನಿನಲ್ಲಿ ಶುರುವಾದಾಗ ಒಂದು ಬಗೆಯ ಸೇವಂತಿಗೆ ಹೂವಿನ ಪುಡಿಯಿಂದಲೇ ಮಾಡಿದ್ದು. ಇಂದಿನ ಲಿಕ್ವಿಡ್‌ಗಳಲ್ಲಿರುವುದು ಆ ಹೂವಿನ ಅಂಶವನ್ನೇ ಹೋಲುವಂತೆ ಕಾರ್ಖಾನೆಯಲ್ಲಿ ತಯಾರಿಸಿದ್ದು.

ಶಬ್ದ ಹೊರಡಿಸಿ ಸೊಳ್ಳೆ ಓಡಿಸುವ ಮೊಬೈಲ್ ಆ್ಯಪ್, ಪ್ಲಗ್ಗಿಗೆ ಹಾಕುವ ಶಬ್ದದ ಯಂತ್ರ ಯಾವುದೂ ಕೆಲಸ ಮಾಡುವುದಿಲ್ಲ. ನೀಲಿ ದೀಪದ ಯಂತ್ರವೂ ಅಷ್ಟಕ್ಕಷ್ಟೇ. ಅಮೆರಿಕದಲ್ಲಿ ಒಮ್ಮೆ ಅಂಥ ದೀಪಕ್ಕೆ ಬಿದ್ದ 13,789 ಕೀಟಗಳನ್ನು ಎಣಿಸಿದಾಗ ಕಚ್ಚುವಂಥವು 31 ಮಾತ್ರ ಇದ್ದವು. ಅದಕ್ಕಿಂತ ಸೊಳ್ಳೆ ಬ್ಯಾಟೇ ವಾಸಿ.

ಹಾಗಾದರೆ ಕೂಸಿಗೆ ಏನು? ಪರದೆ ಮತ್ತು ಫ್ಯಾನು. ನಮ್ಮಲ್ಲಿ ಪರದೆ ಕಟ್ಟುವುದು ರಾತ್ರಿಗೆ ಮಾತ್ರ ಎಂಬ ರೂಢಿ ಇದೆ. ಡೆಂಗಿ ಸೊಳ್ಳೆ ಕಚ್ಚುವುದು ಹಗಲಲ್ಲಿ, ಕೂಸು ನಿದ್ದೆ ಮಾಡುವುದೂ ಹಗಲಲ್ಲೇ ಜಾಸ್ತಿ. ತೊಟ್ಟಿಲಿಗೆ ಬೆಳಗ್ಗೆಯೂ ಮಧ್ಯಾಹ್ನವೂ ಪರದೆ ಇರಲಿ. ಚದರ ಇಂಚಿಗೆ 156 ರಂಧ್ರ ಇರುವ ಸಾಮಾನ್ಯ ಪರದೆ ಸಾಕು. ಗಾಳಿ ಚೆನ್ನಾಗಿ ಆಡುತ್ತದೆ, ಸೊಳ್ಳೆ ನುಸುಳುವುದಿಲ್ಲ. ಮೈಗೆ ತಾಗುವ ಹಾಗೆ ಜೋತಾಡಬಾರದು, ಪರದೆಗೆ ಒರಗಿದ ಕೈಗೆ ಹೊರಗಿನಿಂದಲೇ ಕಚ್ಚುತ್ತವೆ. ಅಂಚನ್ನು ಹಾಸಿಗೆ ಕೆಳಗೆ ಸಿಕ್ಕಿಸಿ, ಒಳಗೆ ಒಂದೂ ಉಳಿದಿಲ್ಲ ಎಂದು ನೋಡಿಯೇ ಮಲಗಿಸಿ. ಫ್ಯಾನಿನ ಲಾಭವನ್ನು ಜನ ಕಡೆಗಣಿಸುತ್ತಾರೆ. ಸೊಳ್ಳೆಗೆ ಎದುರು ಗಾಳಿಯಲ್ಲಿ ಹಾರುವ ಶಕ್ತಿ ಇಲ್ಲ, ಮೇಲಾಗಿ ನಮ್ಮ ಉಸಿರು ಬೆವರಿನ ಜಾಡು ಚದುರಿಹೋಗುತ್ತದೆ. ಅಡುಗೆಮನೆಯಲ್ಲಿ ಬೆಳಗ್ಗೆ ಕಾಲಿಗೆ ಕಚ್ಚುತ್ತಿದ್ದರೆ ಒಂದು ಟೇಬಲ್ ಫ್ಯಾನನ್ನು ನೆಲಕ್ಕೆ ಇಟ್ಟು ಕಾಲಿನ ಕಡೆ ತಿರುಗಿಸಿ ನೋಡಿ.

ಪಕ್ಕದವರು ಹೇಳಿದ ಮೀನಿನ ಮಾತು ಸುಳ್ಳಲ್ಲ. ಕೋಲಾರ ಜಿಲ್ಲೆಯ ಹಳ್ಳಿಗಳ ಬಾವಿಗಳಿಗೆ ಗಪ್ಪಿ, ಗ್ಯಾಂಬೂಸಿಯಾ ಮೀನು ಬಿಟ್ಟು ಮಲೇರಿಯಾ ಇಳಿಸಿದ ಕೆಲಸ ನಮ್ಮಲ್ಲೇ ನಡೆದಿದೆ. ಬಾವಿ, ಕಾರಂಜಿ ತೊಟ್ಟಿ, ತಾವರೆ ತೊಟ್ಟಿಗೆ ಮೀನು ಸರಿ. ವಾರಕ್ಕೊಮ್ಮೆ ಖಾಲಿ ಮಾಡಿ ತಿಕ್ಕಬೇಕಾದ ಡ್ರಮ್ಮಿಗೆ ಯಾಕೆ? ಇನ್ನೊಂದು ಎಚ್ಚರಿಕೆ, ಇವೆರಡೂ ಅಮೆರಿಕ ಖಂಡಗಳ ಮೀನು. ಕೆರೆ ಹಳ್ಳಕ್ಕೆ ಬಿಟ್ಟರೆ ನಮ್ಮ ಮೀನುಗಳ ಮೊಟ್ಟೆ ಮರಿಗಳನ್ನೇ ತಿಂದುಹಾಕುತ್ತವೆ. ಖಾಲಿ ಮಾಡಲಾಗದ ಗುಂಡಿಯಂಥ ಕಡೆ ಬಿಟಿಐ ಎಂಬ ಬ್ಯಾಕ್ಟೀರಿಯಾ ಪುಡಿ ಒಳ್ಳೆಯದು. 1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿ ಸಿಕ್ಕಿದ್ದು. ಸೊಳ್ಳೆಮರಿಯ ಹೊಟ್ಟೆ ಕೆಡಿಸುತ್ತದೆ, ನಮಗಾಗಲಿ ದನಕರುಗಳಿಗಾಗಲಿ ಏನೂ ಮಾಡುವುದಿಲ್ಲ.

ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಕೂಸಿಗೆ ಜ್ವರ ಬಂದರೆ ಅದೇ ದಿನ ವೈದ್ಯರಿಗೆ ತೋರಿಸಿ. ಡೆಂಗಿ ಅನುಮಾನ ಇದ್ದಾಗ ಆಸ್ಪಿರಿನ್, ಐಬುಪ್ರೊಫೆನ್ ಯಾರಿಗೂ ಕೊಡಬಾರದು, ರಕ್ತಸ್ರಾವಕ್ಕೆ ದಾರಿಯಾಗುತ್ತದೆ. ಪ್ಯಾರಾಸಿಟಮಾಲ್ ಕೂಡ ಕೂಸಿನ ತೂಕ ನೋಡಿ ವೈದ್ಯರು ಹೇಳಿದಷ್ಟೇ. ಜ್ವರ ಬಿಟ್ಟಿತು ಎಂದು ನಿರಾಳವಾಗುವ ಆ ಒಂದೆರಡು ದಿನದಲ್ಲೇ ಡೆಂಗಿ ಬಿಗಡಾಯಿಸುವುದು. ಬಿಡದೆ ವಾಂತಿ, ಹೊಟ್ಟೆನೋವು, ವಸಡು ಮೂಗಿನಲ್ಲಿ ರಕ್ತ, ಮಂಕು ಬಡಿದಂತೆ ಮಲಗುವುದು, ಉಚ್ಚೆ ಕಡಿಮೆಯಾಗುವುದು ಕಂಡರೆ ಕಾಯದೆ ಆಸ್ಪತ್ರೆಗೆ ಹೋಗಿ. ಮನೆಯಲ್ಲಿ ಯಾರಿಗೆ ಡೆಂಗಿ ಬಂದರೂ ಜ್ವರ ಇರುವಷ್ಟು ದಿನ ಅವರನ್ನು ಹಗಲಲ್ಲೂ ಪರದೆಯೊಳಗೇ ಮಲಗಿಸಿ. ಅವರಿಗೆ ಕಚ್ಚಿದ ಸೊಳ್ಳೆ ಎಂಟರಿಂದ ಹನ್ನೆರಡು ದಿನ ಬಿಟ್ಟು ಉಳಿದವರಿಗೆ ಡೆಂಗಿ ಹಂಚಲು ಶುರುಮಾಡುತ್ತದೆ.